ಎಂಬತ್ತಾರು ಕನ್ನಡಕ, ಒಂದೇ ನಂಬರು

ಮನೆಯಿಂದ, ಅಡುಗೆಮನೆಯ ಕಿಟಕಿ ಪಕ್ಕ
ಹದಿನಾಲ್ಕನೇ ತಾರೀಖು, ಗುರುವಾರ, ಬೆಳಗಿನ ಚಹಾ ಆದ ಮೇಲೆ

ಪ್ರೀತಿಯ ಮಗಳಿಗೆ, ನಿನ್ನ ಅಮ್ಮ ತಲೆ ಸವರಿ ಬರೆಯುವುದು.

ನಿನ್ನ ಸೊಂಟ ಹೇಗಿದೆ? ಅದನ್ನು ಮೊದಲು ಹೇಳು. ನಿನ್ನ ಅತ್ತಿಗೆ ಕಾಲು ಮುರಿದುಕೊಂಡು ಎರಡು ತಿಂಗಳಾಯಿತು, ಅವಳ ಮನೆ ನೋಡಿಕೊಳ್ಳಲು ನೀನು ಹೋಗಿ ಎರಡು ತಿಂಗಳಾಯಿತು. ಅವಳ ಕಾಲು ಕೂಡಿಕೊಳ್ಳುವಷ್ಟರಲ್ಲಿ ನಿನ್ನ ಸೊಂಟ ಬಿದ್ದುಹೋದರೆ ಆಮೇಲೆ ನಿನ್ನನ್ನು ನೋಡಿಕೊಳ್ಳಲು ಯಾರನ್ನು ಕರೆಸುವುದು? ನಿನ್ನ ಅಣ್ಣ ತಾನು ಕುಡಿದ ಲೋಟವನ್ನಾದರೂ ತಾನೇ ತೊಳೆದಿಡುತ್ತಾನೋ, ಇಲ್ಲ ಅದನ್ನೂ ಮೇಜಿನ ಮೇಲೆ ಬಿಟ್ಟು ಅಂಗಡಿಗೆ ಹೋಗುತ್ತಾನೋ? ಹೆತ್ತವಳು ನಾನೇ, ಕಲಿಸದೆ ಬಿಟ್ಟವಳೂ ನಾನೇ, ಯಾರನ್ನು ಬೈಯಲಿ. ಬಿಸಿನೀರಿನ ಚೀಲ ಇಟ್ಟುಕೋ. ಭಾರ ಎತ್ತಬೇಡ.

ನನ್ನ ಆರೋಗ್ಯದ ಬಗ್ಗೆ ಕೇಳಿದರೆ, ಮೊಣಕಾಲು ಎಂದಿನಂತೆ ಹವಾಮಾನ ವರದಿ ಕೊಡುತ್ತಿದೆ, ಹಸಿವು ಚೆನ್ನಾಗಿದೆ, ಬಾಯಿ ಇನ್ನೂ ಚೆನ್ನಾಗಿದೆ. ಕಣ್ಣಿನ ವಿಷಯಕ್ಕೇ ಈ ಕಾಗದ. ಭಾನುವಾರ ಫೋನಿನಲ್ಲಿ ನೀನು, "ಒಂದನೇ ತಾರೀಖಿಗೆ ನನ್ನ ಮಗಳನ್ನ ಬಸ್ಸು ಹತ್ತಿಸಮ್ಮ, ಅಣ್ಣ ಅಂಗಡೀಲಿ ಕುರ್ಚಿ ಹಾಕಿ ಕಾಯ್ತಿದ್ದಾನೆ, ಒಪ್ಕೊಂಡು ಈಗ ಹಿಂದೆ ಸರಿಯೋದು ಯಾವ ನ್ಯಾಯ" ಎಂದೆ. ನಾನು ಹೂಂ ಎಂದೆ. ಫೋನಿನಲ್ಲಿ ನನಗೆ ಹೂಂ ಬಿಟ್ಟು ಬೇರೆ ಮಾತು ಆಡಲು ನೀನು ಜಾಗವನ್ನೇ ಕೊಡುವುದಿಲ್ಲ. ಕಾಗದದಲ್ಲಿ ನೀನು ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ ನೋಡು. ಅದಕ್ಕೇ ನಾಲ್ಕನೇ ತರಗತಿ ಓದಿದವಳು ಪೆನ್ನು ಹಿಡಿದು ಕೂತಿದ್ದೇನೆ. ನಿನ್ನ ಮಗಳೂ ನೀನೂ ಮಾತು ಬಿಟ್ಟು ನಲವತ್ತು ದಿನವಾಯಿತು. "ಮಾವನ ಅಂಗಡಿಗೆ ಬರ್ತೀನಿ ಅಂದವಳು ನೀನೇ" ಎಂದು ನೀನು, "ನನ್ನ ಕೇಳದೆ ಮಾತು ಕೊಟ್ಟವಳು ನೀನೇ" ಎಂದು ಅವಳು, ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳಿ ಎಂದು ಫೋನು ಕುಕ್ಕಿದಿರಿ. ಅಂದಿನಿಂದ ಊಟ ಮಾಡಿದಳಾ ಕೇಳು, ಸೊಂಟ ನೋವು ಹೇಗಿದೆ ಕೇಳು ಎಂದು ಇಬ್ಬರ ಮಾತನ್ನೂ ಹೊತ್ತು ತಿರುಗುವ ಅಂಚೆಯವಳು ನಾನಾಗಿದ್ದೇನೆ. ಆ ದಿನ ನಾನು ಪಕ್ಕದಲ್ಲೇ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದೆ. ಅದಿರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಹೋದ ತಿಂಗಳು ನನ್ನ ಹಳೆಯ ಕನ್ನಡಕದ ಕಾಲು ಮುರಿಯಿತು. ಹೇಗಿದ್ದರೂ ಮಾಡಿಸಬೇಕಲ್ಲ ಎಂದು ಹೊಸದಾಗಿ ಕಣ್ಣು ಪರೀಕ್ಷೆ ಮಾಡಿಸಿ, ನಿನ್ನ ಮಗಳು ಕೆಲಸ ಮಾಡುವ ಕನ್ನಡಕದ ಗಾಜಿನ ಕಾರ್ಖಾನೆಗೇ ನನ್ನ ಚೀಟಿ ಕೊಟ್ಟೆವು. ಓದುವ ನಂಬರು ಮೂರು ಬಂದಿತ್ತು. ನಾಲ್ಕು ದಿನಕ್ಕೆ ಹೊಸ ಕನ್ನಡಕ ಬಂತು. ಹಾಕಿಕೊಂಡು ಪೇಪರು ಬಿಡಿಸಿದೆ. ಏನು ಹೇಳಲಿ ಮಗಳೇ, ದಪ್ಪ ಅಕ್ಷರದ ತಲೆಬರಹ ಬಿಟ್ಟರೆ ಉಳಿದದ್ದೆಲ್ಲ ಇರುವೆ ಸಾಲು. ದೂರ ಹಿಡಿದೆ, ಹತ್ತಿರ ಹಿಡಿದೆ, ಕಿಟಕಿಗೆ ಹೋದೆ. ಹೊಸ ಕನ್ನಡಕವೇ ಹೀಗೆ ಎಂದರೆ ಕೆಟ್ಟಿರುವುದು ಕನ್ನಡಕವಲ್ಲ, ನನ್ನ ಕಣ್ಣು ಎಂದುಕೊಂಡೆ. ನಿನಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಎಂಟು ದಿನ ಪೇಪರು ಮುಂದೆ ಹಿಡಿದುಕೊಂಡು ಓದಿದ ಹಾಗೆ ನಟಿಸಿದೆ. ನಡುನಡುವೆ "ಅಯ್ಯೋ ಪಾಪ" ಎಂದೂ ಹೇಳುತ್ತಿದ್ದೆ, ಪೇಪರಿನಲ್ಲಿ ಯಾವ ದಿನವೂ ಯಾರಾದರೂ ಒಬ್ಬರು ಪಾಪ ಇದ್ದೇ ಇರುತ್ತಾರಲ್ಲ. ಒಂಬತ್ತನೇ ದಿನ ನಿನ್ನ ಮಗಳು ಎದುರಿಗೆ ಕೂತು ಚಹಾ ಕುಡಿಯುತ್ತಾ, "ಅಜ್ಜೀ, ಬೂಟಿನ ಜಾಹೀರಾತು ನೋಡ್ಕೊಂಡು ಯಾಕೆ ಅಯ್ಯೋ ಪಾಪ ಅಂತಿದ್ದೀಯಾ?" ಎಂದಳು. ಸಿಕ್ಕಿಬಿದ್ದೆ. ಕಣ್ಣಲ್ಲಿ ನೀರೂ ಬಂತು, ಆದರೆ ಅದನ್ನು ಅಡುಗೆಗೆ ಹೆಚ್ಚಿಟ್ಟ ಈರುಳ್ಳಿಯ ಮೇಲೆ ಹಾಕಿದೆ. ಅವಳು ನನ್ನ ಮೂಗಿನ ಮೇಲಿನಿಂದ ಕನ್ನಡಕ ತೆಗೆದು, ಪೇಪರಿನ ಮೇಲೆ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿದಳು. "ಅಜ್ಜಿ, ಇದು ಮೂರು ಅಲ್ಲ. ನಿನ್ನ ಕಣ್ಣಿಗೇನೂ ಆಗಿಲ್ಲ. ಸೀರೆ ಬದಲಾಯಿಸು, ಕಾರ್ಖಾನೆಗೆ ಹೋಗೋಣ" ಎಂದಳು.

ನೀನು ಅವಳ ಕೆಲಸದ ಜಾಗ ನೋಡಿಲ್ಲ. ನಾನೂ ಏನೋ ತಣ್ಣಗೆ ಕೂತು ಗುಂಡಿ ಒತ್ತುವ ಜಾಗ ಎಂದುಕೊಂಡಿದ್ದೆ. ಒಳಗೆ ಕಾಲಿಟ್ಟರೆ ಒದ್ದೆ ಕಲ್ಲಿನ ವಾಸನೆ. ಉದ್ದಕ್ಕೂ ಗಾಜು ಉಜ್ಜುವ ಯಂತ್ರಗಳು, ಅವುಗಳ ಬಾಯಿಂದ ಸುಣ್ಣ ಕಲಸಿದಂಥ ಬಿಳಿ ನೀರು ಹರಿದು ಮೋರಿಗೆ ಇಳಿಯುತ್ತದೆ. ರಬ್ಬರಿನ ಏಪ್ರನ್ ಕಟ್ಟಿದ ಹೆಂಗಸರು ಚಿಕ್ಕ ಚಿಕ್ಕ ಪ್ಲಾಸ್ಟಿಕ್ ತಟ್ಟೆಗಳನ್ನು ಎತ್ತಿಡುತ್ತಿರುತ್ತಾರೆ. ಒಂದೊಂದು ತಟ್ಟೆಯಲ್ಲಿ ಎರಡು ಗಾಜು, ಒಂದು ಚೀಟಿ. ಒಬ್ಬೊಬ್ಬರ ಎರಡು ಕಣ್ಣು ಅಲ್ಲಿ ತಟ್ಟೆಯಲ್ಲಿ ಮಲಗಿ ಸರದಿ ಕಾಯುತ್ತಿರುತ್ತವೆ. ಮೂಲೆಯ ಗಾಜಿನ ಕೋಣೆಯಲ್ಲಿ ನಿನ್ನ ಮಗಳೂ ಅವಳ ಜೊತೆಗಾರನೂ ಕೂರುತ್ತಾರೆ. ಅವನು ನಲವತ್ತು ದಾಟಿದ ಗಂಡಸು, ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಾರೆ, ಅವನೂ ಓ ಅನ್ನುತ್ತಾನೆ. ಯಂತ್ರಗಳಿಗೆ ಏನು ಮಾಡಬೇಕು ಎಂದು ಹೇಳುವ ಪ್ರೋಗ್ರಾಮು ಬರೆಯುವುದು ಇವರಿಬ್ಬರ ಕೆಲಸ. ಗಾಜಿನ ನಂಬರು ಅಳೆಯುವ ಕೊಳವೆಯಲ್ಲಿ ನನ್ನ ಕನ್ನಡಕ ಇಟ್ಟು ನೋಡಿದಳು. ಎಡಗಣ್ಣು ಒಂದು, ಬಲಗಣ್ಣು ಒಂದು. ನನ್ನ ಗಾಜು ತಯಾರಾದ ಮಧ್ಯಾಹ್ನವೇ ಉಜ್ಜಿದ ಬೇರೆ ಗಾಜುಗಳಲ್ಲಿ ಇನ್ನೂ ಕಳಿಸದೆ ಉಳಿದಿದ್ದ ಹತ್ತು ಜೊತೆ ತಂದು ನೋಡಿದಳು. ಎಲ್ಲವೂ ಒಂದು. ಎರಡು ಬೇಕಾದವರಿಗೂ ಒಂದು, ನಾಲ್ಕು ಬೇಕಾದವರಿಗೂ ಒಂದು. ಆ ಮಧ್ಯಾಹ್ನ ಉಜ್ಜಿದ್ದು ಒಟ್ಟು ಎಂಬತ್ತಾರು ಜೊತೆ, ಎಂಬತ್ತಾರು ಜನರ ಕನ್ನಡಕಕ್ಕೆ ಸಮಾನತೆ ಬಂದುಬಿಟ್ಟಿತ್ತು! ಕೊನೆಯಲ್ಲಿ ಪರೀಕ್ಷೆ ಮಾಡುವ ಹೆಂಗಸನ್ನು ಕೇಳಿದರೆ, "ಕಂಪ್ಯೂಟರ್ ಚೀಟೀಲಿ ಒಂದು ಅಂತಿತ್ತು, ಗಾಜೂ ಒಂದಿತ್ತು, ಎರಡೂ ಸರಿ ಇತ್ತಲ್ಲ" ಎಂದಳು. ಅವಳದೇನು ತಪ್ಪು.

ಇದು ಹೇಗಾಯಿತು ಎಂದು ನಿನಗೆ ಹೇಳಬೇಕು, ಯಾಕೆಂದರೆ ಅದರಲ್ಲೇ ನಿನ್ನ ಮಗಳ ಬೆಲೆ ಇರುವುದು. ಅವಳು ನನಗೆ ಮೂರು ಸಲ ಹೇಳಿದಳು, ಮೂರನೇ ಸಲಕ್ಕೆ ತಿಳಿಯಿತು, ನಿನಗೆ ಎರಡೇ ಸಲಕ್ಕೆ ತಿಳಿಯಬಹುದು. ಪ್ರೋಗ್ರಾಮಿನಲ್ಲಿ ಕೆಲಸಗಳಿರುತ್ತವೆ, ಅವಕ್ಕೆ ಫಂಕ್ಷನ್ ಎನ್ನುತ್ತಾರೆ. ನಿನ್ನ ಮಗಳು ಬರೆದದ್ದು ಒಂದು ದೊಡ್ಡ ಕೆಲಸ: ಚೀಟಿಗಳ ರಾಶಿಯಿಂದ ಒಂದೊಂದನ್ನೇ ಎತ್ತಿಕೊಳ್ಳುವುದು. ಎತ್ತಿಕೊಂಡು ಏನು ಮಾಡಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಇನ್ನೊಂದು ಸಣ್ಣ ಕೆಲಸವನ್ನಾಗಿ ಅದರ ಕೈಗೆ ಕೊಡಬೇಕು. ದೊಡ್ಡ ಕೆಲಸದ ಕೈಗೆ ಸಾಮಾನಲ್ಲ, ಇನ್ನೊಂದು ಕೆಲಸವನ್ನೇ ಕೊಡುವುದು. ಮೇಸ್ತ್ರಿಯ ಹತ್ತಿರ ಆಳನ್ನು ಬಿಟ್ಟು ಹೋದ ಹಾಗೆ ಎನ್ನು. ಸಣ್ಣ ಕೆಲಸಗಳಲ್ಲಿ ಒಂದು, ಚೀಟಿ ಓದಿ ಗಾಜನ್ನು ಎಷ್ಟು ನಂಬರಿಗೆ ಉಜ್ಜಬೇಕು ಎಂದು ಹೇಳುತ್ತದೆ. ಇನ್ನೊಂದು, ಚೀಟಿ ಪೂರ್ತಿ ತುಂಬಿದೆಯೋ ಇಲ್ಲವೋ ನೋಡಿ ಹೌದು ಅಥವಾ ಇಲ್ಲ ಎನ್ನುತ್ತದೆ. ಆ ದಿನ ಗಡಿಬಿಡಿ ತನ್ನ ಹೆಸರಿಗೆ ತಕ್ಕ ಹಾಗೆ ನಂಬರು ಹೇಳುವವನ ಬದಲು ಹೌದು ಇಲ್ಲ ಹೇಳುವವನನ್ನು ಕೊಟ್ಟಿದ್ದ. ದೊಡ್ಡ ಕೆಲಸ ಕೇಳಲೇ ಇಲ್ಲ, ನೀನು ಯಾರಪ್ಪಾ, ಏನು ತಂದುಕೊಡ್ತೀಯಾ ಎಂದು. ಎಂಬತ್ತಾರು ಚೀಟಿಗಳೂ ಸರಿಯಾಗಿ ತುಂಬಿದ್ದವು, ಎಂಬತ್ತಾರು ಸಲ ಹೌದು ಎಂದಿತು. ಕಂಪ್ಯೂಟರಿನ ಹೊಟ್ಟೆಯಲ್ಲಿ ಹೌದು ಎಂದರೆ ಒಂದಂತೆ, ಇಲ್ಲ ಎಂದರೆ ಸೊನ್ನೆಯಂತೆ. ಯಂತ್ರ ಎಲ್ಲವನ್ನೂ ಒಂದಕ್ಕೆ ಉಜ್ಜಿ ಕೂತಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತಲ್ಲ, ಆ ಬುದ್ಧಿ.

ನಾನು ಲಾಂಡ್ರಿಯಲ್ಲಿದ್ದಾಗ ಒಮ್ಮೆ ಜ್ವರ ಬಂದು, ನನ್ನ ಬದಲಿಗೆ ಪಕ್ಕದ ಸಾಲಿನವಳನ್ನು ನಿಲ್ಲಿಸಿ ಬಂದದ್ದು ನಿನಗೆ ನೆನಪಿದೆಯಾ? ಅವಳು ಬಟ್ಟೆ ಬೇರ್ಪಡಿಸುವವಳು, ನನ್ನದು ಇಸ್ತ್ರಿ. ಏನು ಮಾಡಬೇಕೆಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಸಂಜೆಗೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ಬಿಳಿ ಒಂದು ಕಡೆ, ಬಣ್ಣದ್ದು ಒಂದು ಕಡೆ, ಎಷ್ಟು ಅಂದವಾಗಿ ವಿಂಗಡವಾಗಿದ್ದವೆಂದರೆ ನೋಡಲು ಎರಡು ಕಣ್ಣು ಸಾಲದು. ಒಂದಕ್ಕೂ ಇಸ್ತ್ರಿ ಬಿದ್ದಿರಲಿಲ್ಲ. ನಾನು ಅವಳನ್ನು ಬೈದದ್ದು ಬೈದದ್ದೇ. ಈಗ ಅನ್ನಿಸುತ್ತದೆ, ಬೈಗುಳ ತಪ್ಪು ವಿಳಾಸಕ್ಕೆ ಹೋಗಿತ್ತು.

ಈಗ ಮುಖ್ಯವಾದದ್ದು ಕೇಳು. ಕಾರ್ಖಾನೆಯ ಯಜಮಾನಿ ಬಂದಳು. ನನ್ನ ವಯಸ್ಸಿಗೆ ಹತ್ತು ವರ್ಷ ಕಡಿಮೆ, ಬಾಯಿ ನನ್ನದಕ್ಕಿಂತ ಹತ್ತು ವರ್ಷ ದೊಡ್ಡದು. "ಯಾರ ಕೆಲಸ ಇದು?" ಎಂದು ಗುಡುಗಿದಳು. ಗಡಿಬಿಡಿ ಗೋಡೆಗೆ ಒರಗಿ ನಿಂತ, ಬೆವರು ಅವನ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಅವನನ್ನು ತೋರಿಸಿದ್ದರೆ ನಿನ್ನ ಮಗಳು ಹಾಯಾಗಿ ಮನೆಗೆ ಬರಬಹುದಿತ್ತು. ಅವಳು ಎದ್ದು ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ತಪ್ಪು ಕೆಲಸ ಕೊಟ್ಟಿದ್ದು ಅವರು, ಮೇಡಂ. ಆದ್ರೆ ಇಲ್ಲಿ ಎಂಥ ಕೆಲಸ ಕೊಡಬೇಕು ಅಂತ ಬಾಗಿಲಲ್ಲಿ ಬರೆಯದೆ ಬಿಟ್ಟವಳು ನಾನು. ಬರೆದಿದ್ರೆ ಯಂತ್ರ ಶುರುವಾಗ್ತಾನೇ ಇರ್ಲಿಲ್ಲ. ತಪ್ಪು ನಂದು." ನಾನು ಎಪ್ಪತ್ತೊಂದು ವರ್ಷ ಬದುಕಿದ್ದೇನೆ, ನಮ್ಮ ಮನೆತನದಲ್ಲಿ ಯಾರೂ ಎದ್ದು ನಿಂತು ತಪ್ಪು ನಂದು ಎಂದದ್ದನ್ನು ಕೇಳಿಲ್ಲ. ನಿನ್ನ ಅಪ್ಪ ಸಾಯುವವರೆಗೂ ತಪ್ಪು ಕುರ್ಚಿಯದು, ಮಳೆಯದು, ಸಾರಿಗೆ ಉಪ್ಪು ಹಾಕಿದವಳದು ಎನ್ನುತ್ತಿದ್ದರು.

ಕನ್ನಡಕ ತಲುಪಿದ್ದ ಉಳಿದ ಎಲ್ಲ ಮನೆಗೂ ಅವಳೇ ಫೋನು ಮಾಡಿದಳು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಅವರಲ್ಲಿ ಏಳು ಜನ ನನ್ನ ಹಾಗೇ ತಮ್ಮ ಕಣ್ಣೇ ಹೋಯಿತೆಂದು ಬಾಯಿ ಮುಚ್ಚಿಕೊಂಡಿದ್ದರು. ಅದರಲ್ಲಿ ಒಬ್ಬಾಕೆ ಆ ಕಡೆಯಿಂದ ಅತ್ತೇಬಿಟ್ಟಳು. ಆಮೇಲೆ ನಿನ್ನ ಮಗಳು ಎರಡೂವರೆ ದಿನ ಕುರ್ಚಿ ಬಿಟ್ಟು ಏಳಲಿಲ್ಲ, ನಾನು ದಿನವೂ ಊಟದ ಡಬ್ಬಿ ಹಿಡಿದು ಹೋಗಿ ಪಕ್ಕದಲ್ಲೇ ಕೂರುತ್ತಿದ್ದೆ. ಪ್ರೋಗ್ರಾಮಿನಲ್ಲಿ ಎಲ್ಲೆಲ್ಲಿ ಒಂದು ಕೆಲಸದ ಕೈಗೆ ಇನ್ನೊಂದು ಕೆಲಸವನ್ನು ಕೊಡುತ್ತಾರೋ ಅಲ್ಲೆಲ್ಲ ಬರೆಯುತ್ತಾ ಹೋದಳು. ಅದಕ್ಕೆ ಟೈಪ್ ಬರೆಯುವುದು ಎನ್ನುತ್ತಾರಂತೆ. ನನಗೆ ಲಕೋಟೆಯ ಹಿಂದೆ ಬರೆದು ತೋರಿಸಿದಳು: ಚೀಟಿ, ಮುಂದೆ ಒಂದು ಬಾಣದ ಗುರುತು, ಆಮೇಲೆ ಸಂಖ್ಯೆ. ಬಾಣದ ಹಿಂದೆ ಇರುವುದು ಅದರ ಕೈಗೆ ಏನು ಕೊಡುತ್ತೇವೆ ಎಂಬುದು, ಬಾಣದ ಮುಂದೆ ಇರುವುದು ಅದು ಏನು ತಂದುಕೊಡಬೇಕು ಎಂಬುದು. ಇಷ್ಟೇ. ಒಂದು ಗೇಣು ಉದ್ದವಿಲ್ಲ. ಇಲ್ಲಿಗೆ ಬರುವ ಕೆಲಸ ಯಾವುದಾದರೂ ಆಗಿರಲಿ, ಹೆಸರು ಏನಾದರೂ ಇರಲಿ, ಚೀಟಿ ತೆಗೆದುಕೊಂಡು ಸಂಖ್ಯೆ ಕೊಡುವಂಥದ್ದಾಗಿರಬೇಕು, ಇಲ್ಲವಾದರೆ ಹೊಸ್ತಿಲು ದಾಟುವ ಹಾಗಿಲ್ಲ. ಯಜಮಾನಿ ಎರಡು ಸಲ ಬಂದು ಗೊಣಗಿದಳು, "ಗೊತ್ತಿರೋದನ್ನೇ ಮತ್ತೆ ಮತ್ತೆ ಬರೀತಾ ಕೂತ್ರೆ ಗಾಜು ಉಜ್ಜೋದು ಯಾವಾಗ?" ಎಂದು. "ಗೊತ್ತಿರೋದು ನಮಗೆ ಮೇಡಂ. ನಮಗೆ ಗೊತ್ತು ಅಂತ ಬಿಟ್ಟಿದ್ದಕ್ಕೇ ಹೀಗಾಗಿದ್ದು" ಎಂದಳು ಇವಳು, ತಲೆ ಎತ್ತದೆ. ಬರೆಯುತ್ತಾ ಬರೆಯುತ್ತಾ ಇನ್ನೂ ಎರಡು ಕಡೆ ತಪ್ಪು ಆಳುಗಳು ಒಳಗೆ ಸೇರಿಕೊಂಡದ್ದು ಸಿಕ್ಕಿತು. ಅವು ಇನ್ನೂ ಯಾರ ಕಣ್ಣಿಗೂ ಕೈ ಹಾಕಿರಲಿಲ್ಲ, ಅಷ್ಟೇ. ಆಮೇಲೆ ಯಜಮಾನಿ ಗೊಣಗಲಿಲ್ಲ, ಚಹಾ ಕಳಿಸಿದಳು.

ನನ್ನ ಸ್ವಭಾವ ನಿನಗೆ ಗೊತ್ತು, ಹೊಗಳುವ ಮೊದಲು ಒಂದು ಚಿವುಟದೆ ಇರಲಾರೆ. "ಸಂಖ್ಯೆ ತಂದುಕೊಡ್ತಾನೆ ಸರಿ ಕಣೇ. ಮೂರು ಅನ್ನೋ ಕಡೆ ನಾಲ್ಕು ತಂದ್ರೆ?" ಎಂದೆ. ಅವಳು ನಕ್ಕಳು. "ಅದನ್ನ ಇದು ಹಿಡಿಯಲ್ಲ ಅಜ್ಜಿ. ತಂದಿರೋದು ಸಂಖ್ಯೆ ಹೌದೋ ಅಲ್ವೋ ಅಷ್ಟೇ ನೋಡುತ್ತೆ. ಲೆಕ್ಕ ಸರಿಯಾ ಅಂತ ನಾವೇ ಪರೀಕ್ಷೆ ಮಾಡ್ಬೇಕು" ಎಂದಳು. ತನ್ನ ಔಷಧಿ ಎಲ್ಲ ರೋಗಕ್ಕೂ ಆಗುತ್ತದೆ ಎನ್ನದ ವೈದ್ಯರನ್ನು ನಂಬಬಹುದು ಮಗಳೇ. ಮೂರನೇ ದಿನ ಮಧ್ಯಾಹ್ನ ಎಲ್ಲರ ಎದುರಿಗೆ ಗಡಿಬಿಡಿಯನ್ನೇ ಕೂರಿಸಿ, "ಬೇಕು ಅಂತಲೇ ಆ ದಿನದ ತಪ್ಪನ್ನೇ ಮಾಡಿ" ಎಂದಳು. ಪಾಪ, ಅವನು ಬೇಕೆಂದು ತಪ್ಪು ಮಾಡಿದ್ದು ಅದೇ ಮೊದಲು. ಹೌದು ಇಲ್ಲ ಹೇಳುವವನನ್ನು ಕೊಟ್ಟ. ಕೊಟ್ಟ ಕೂಡಲೇ ಪರದೆಯ ಮೇಲೆ ಅವನು ಬರೆದದ್ದರ ಕೆಳಗೆ ಕೆಂಪು ಗೆರೆ ಎದ್ದಿತು: ಇಲ್ಲಿ ಕೇಳಿದ್ದು ಸಂಖ್ಯೆ ಕೊಡುವವನನ್ನು, ನೀವು ಕೊಟ್ಟದ್ದು ಹೌದು ಇಲ್ಲ ಎನ್ನುವವನನ್ನು. ಒಂದು ಯಂತ್ರವೂ ತಿರುಗಲಿಲ್ಲ, ಒಂದು ತೊಟ್ಟು ಬಿಳಿ ನೀರೂ ಇಳಿಯಲಿಲ್ಲ. ಗಡಿಬಿಡಿ, "ನನ್ನ ಹೆಂಡ್ತಿಗಿಂತ ಮೊದಲು ನನ್ನ ತಪ್ಪು ಹಿಡಿಯೋದು ಇದೊಂದೇ" ಎಂದ. ಏಪ್ರನ್ ಹೆಂಗಸರೆಲ್ಲ ನಕ್ಕರು. ನಾನು ನಗಲಿಲ್ಲ. ಯಾರನ್ನೂ ಬೈಯದೆ, ಯಾರ ಮಾನವನ್ನೂ ತೆಗೆಯದೆ, ತಪ್ಪು ಆಗುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿದಳಲ್ಲ ಈ ಹುಡುಗಿ. ಅವಳಿಗೆ ಮೂರು ವರ್ಷವಾದಾಗ ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕಿಕೊಂಡು ಓಡಾಡುತ್ತಿದ್ದಳು.

ನನಗೆ ಮೂರು ನಂಬರಿನ ಕನ್ನಡಕವನ್ನು ಅವಳೇ ನಿಂತು ಮಾಡಿಸಿ ತಂದಳು. ಈ ಕಾಗದ ಅದನ್ನು ಹಾಕಿಕೊಂಡೇ ಬರೆದದ್ದು. ಸಾಲು ಓರೆಯಾಗಿದ್ದರೆ ಅದು ಕೈಯ ತಪ್ಪು, ಕಣ್ಣಿನದಲ್ಲ.

ನಿನ್ನ ಅಣ್ಣನಿಗೆ ನನ್ನ ಆಶೀರ್ವಾದ ಹೇಳು, ಲೋಟದ ವಿಷಯವನ್ನೂ ಹೇಳು. ಅತ್ತಿಗೆಗೆ ಅವಸರ ಮಾಡಿ ಕಾಲೂರಬೇಡ ಎನ್ನು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ನೆಟ್ಟಗಿನ ಸೊಂಟದಲ್ಲಿ ಬಾಳು.

ಇಂತಿ,
ನಿನ್ನನ್ನು ಹೆತ್ತು ಈಗಲೂ ನಿನಗೆ ಹೆದರುವ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಅಂಚೆಗೆ ಹಾಕಿ ಕೆಲಸಕ್ಕೆ ಹೋಗಬೇಕಂತೆ, ಬೇಗ ಬರೆಯುತ್ತೇನೆ. ನಿಮ್ಮಿಬ್ಬರಲ್ಲಿ ಯಾರೂ ಸುಳ್ಳಿಯಲ್ಲ. ನೀನು ಮಾತು ಕೊಟ್ಟಿರಲಿಲ್ಲ, ಅವಳು ಒಪ್ಪಿರಲಿಲ್ಲ. ನಿನ್ನ ಅಣ್ಣ ಫೋನಿನಲ್ಲಿ "ಅಂಗಡಿಗೆ ಮನೆ ಹುಡುಗಿ ಬೇಕಮ್ಮ" ಎಂದಾಗ "ಕಳಿಸ್ತೀವಿ ಕಣೋ, ನಮ್ಮ ಹುಡುಗಿ ಏನು ಹೇಳಿದ್ರೂ ಮಾಡ್ತಾಳೆ" ಎಂದವಳು ನಾನು. ಮಗನ ಮುಂದೆ ದೊಡ್ಡವಳಾಗುವ ಚಪಲ. ಆಮೇಲೆ ನಿನಗೆ ಅವಳು ಒಪ್ಪಿದಳು ಎಂದೆ, ಅವಳಿಗೆ ನೀನು ಮಾತು ಕೊಟ್ಟೆ ಎಂದೆ. ನೀವು ಫೋನಿನಲ್ಲಿ ಕಿತ್ತಾಡುವಾಗ ಬೀನ್ಸ್ ನಾರು ತೆಗೆಯುತ್ತಾ ಕೂತೆ. ಯಾವ ಕೆಲಸ, ಎಷ್ಟು ಹೊತ್ತು, ಅವಳಿಂದ ಏನು ಬೇಕು, ಅವಳಿಗೆ ಏನು ಸಿಗುತ್ತದೆ, ಒಂದನ್ನೂ ಕೇಳದೆ ಜೀವಂತ ಹುಡುಗಿಯನ್ನು ಇನ್ನೊಬ್ಬರ ಕೈಗೆ ಕೊಟ್ಟೆ. ತಪ್ಪು ನಂದು. ಅಣ್ಣನಿಗೆ ಹೇಳು, ಅಮ್ಮ ಮಾತು ಹಿಂದೆ ತೆಗೆದುಕೊಂಡಳು ಎಂದು. ಆಮೇಲೂ ಬೇಕೆಂದರೆ ಅವನು ಎಲ್ಲವನ್ನೂ ಕಾಗದದಲ್ಲಿ ಬರೆದು ಅವಳ ಹೆಸರಿಗೇ ಕಳಿಸಲಿ, ಹೌದು ಇಲ್ಲ ಅವಳು ಹೇಳುತ್ತಾಳೆ. ಒಂದನೇ ತಾರೀಖು ಅವಳು ಬಸ್ಸು ಹತ್ತುವುದಿಲ್ಲ.

ಇದನ್ನು ಅವಳಿಗೆ ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಲಕೋಟೆ ಅಂಟಿಸಿಲ್ಲ. ಅವಳ ಕೈಗೆ ಕೊಡುತ್ತಿದ್ದೇನೆ, ಈ ಸಲ ಏನು ಮಾಡಬೇಕೆಂದು ಬಿಡಿಸಿ ಹೇಳಿಯೇ ಕೊಡುತ್ತಿದ್ದೇನೆ: ಮೊದಲು ಕೊನೆಯ ಹಾಳೆ ಓದು, ಆಮೇಲೆ ಅಂಟಿಸು. ಇದು ನಿನ್ನ ಕೈ ಸೇರಿದೆ ಎಂದರೆ ಅವಳು ಓದಿದ್ದಾಳೆ, ಓದಿಯೂ ಅಂಚೆಗೆ ಹಾಕಿದ್ದಾಳೆ ಎಂದು ತಿಳಿ. ಇನ್ನು ನನ್ನನ್ನು ಕಾಯಬೇಡ, ನೀನೇ ಅವಳಿಗೆ ಫೋನು ಮಾಡು.